ಹಠಮಾರಿಯ ಗೋಡೆ

ವಾಲ್ದೆಕೋರ್ಸೊ
2 ಮಾರ್ಚ್ 2023

ಶ್ರೀ ಅಕಿಲಿನೊ ಅವರಿಗೆ,

ಗ್ರಾಮ ಸಮಿತಿಯಿಂದ ತಿಳಿಸುವುದೇನೆಂದರೆ, ಈ ವರ್ಷದ ಅಸೆಂದೇರಾ ಏಪ್ರಿಲ್ 22ರ ಶನಿವಾರ ನಡೆಯಲಿದೆ. ಬೆಳಿಗ್ಗೆ ಒಂಬತ್ತಕ್ಕೆ ಚರ್ಚಿನ ಗಂಟೆ ಬಾರಿಸಲಾಗುವುದು. ಮನೆಗೊಬ್ಬರಂತೆ ಸಲಿಕೆಯೋ ಗುದ್ದಲಿಯೋ ಹಿಡಿದು ಬಂದು ಊರ ಹಾದಿಗಳನ್ನು ರಿಪೇರಿ ಮಾಡತಕ್ಕದ್ದು. ಬರಲಾಗದವರು ಮುಂಚಿತವಾಗಿ ಸುದ್ದಿ ಕಳಿಸತಕ್ಕದ್ದು. ಹಾಗೆ ಕಳಿಸದವರ ಹೆಸರನ್ನು ವಾಡಿಕೆಯಂತೆ ಚರ್ಚಿನ ಬಾಗಿಲಲ್ಲಿ 'ಗೈರು' ಎಂದು ಓದಲಾಗುವುದು, ಮತ್ತು ಅವರು ಬಂದವರಿಗೆಲ್ಲ ವೈನ್ ಕುಡಿಸತಕ್ಕದ್ದು.

ಎರಡನೆಯದಾಗಿ, ಊರಿನಿಂದ ಕಣಿವೆಯ ಮೇಲಕ್ಕೆ ಹೋಗುವ ಜಲ್ಲಿ ಹಾದಿಗೆ ಅಡ್ಡಲಾಗಿ ನೀವು ಹತ್ತೊಂಬತ್ತು ವರ್ಷಗಳ ಹಿಂದೆ ಕಟ್ಟಿದ ಕಲ್ಲಿನ ಗೋಡೆಯ ವಿಷಯ. ಮೋಟಾರು ಗಾಡಿ ಓಡಾಡದ ಹಾದಿಗಳನ್ನೆಲ್ಲ ಜೋಡಿಸಿ ನಾಲ್ಕು ದಿನಗಳ ಸೈಕಲ್ ಮಾರ್ಗವೊಂದನ್ನು ಗುರುತಿಸಲಾಗುತ್ತಿದೆ. ಅದು ನಮ್ಮ ಊರಿನ ಮೂಲಕ ಹಾದುಹೋಗಲು ಇರುವ ಅಡ್ಡಿ ನಿಮ್ಮ ಗೋಡೆಯೊಂದೇ. ದಯವಿಟ್ಟು ತೆಗೆಯಬೇಕೆಂದು ಕೋರಿಕೆ.

ಇಂತು,
ದೋಮಿತಿಲಾ, ಅಧ್ಯಕ್ಷೆ, ವಾಲ್ದೆಕೋರ್ಸೊ ಗ್ರಾಮ ಸಮಿತಿ


ಬಿಲ್ಬಾವೊ
11 ಮಾರ್ಚ್ 2023

ಅಧ್ಯಕ್ಷೆಯವರಿಗೆ,

ಪತ್ರ ತಲುಪಿತು. ಗೋಡೆ ನನ್ನದು. ಅದರ ಎಡಕ್ಕೂ ಬಲಕ್ಕೂ ಇರುವ ಹುಲ್ಲುಗಾವಲು ನನ್ನದು. ನಡುವಿನ ನೆಲವೂ ನನ್ನದೇ. ಸೈಕಲ್ಲಿನವರಿಗೆ ಸರ್ಕಾರ ಡಾಂಬರು ರಸ್ತೆ ಹಾಕಿಸಿಕೊಟ್ಟಿದೆ, ಅದರಲ್ಲಿ ಹೋಗಲಿ.

ಅಸೆಂದೇರಾಕ್ಕೆ ಬರುವುದಿಲ್ಲ. ಇದನ್ನೇ ಮುಂಚಿತ ಸುದ್ದಿಯೆಂದು ಭಾವಿಸತಕ್ಕದ್ದು. ನಮ್ಮ ಮನೆಯವರ ಹೆಸರನ್ನು ಇನ್ನೊಮ್ಮೆ ಚರ್ಚಿನ ಬಾಗಿಲಲ್ಲಿ ಓದುವ ಸಂತೋಷ ನಿಮಗೆ ಸಿಗದು.

ಸುಮ್ಮನೆ ಕುತೂಹಲಕ್ಕೆ ಒಂದು ಪ್ರಶ್ನೆ. ಕಣಿವೆಯ ಆ ಕಡೆಯ ಇಳಿಜಾರಿನಲ್ಲಿ ಜಲ್ಲಿ ಸಡಿಲವಾಗಿದೆಯೋ, ಕೂತಿದೆಯೋ? ನಾಲ್ಕು ಸೆಂಟಿಮೀಟರ್ ಅಗಲದ ಟೈರು ಸಾಕಾಗುತ್ತದೆಯೆ?

ಅಕಿಲಿನೊ


ವಾಲ್ದೆಕೋರ್ಸೊ
19 ಮಾರ್ಚ್ 2023

ಅಕಿಲಿನೊ,

ಅಧ್ಯಕ್ಷೆಯವರು ಎದ್ದು ಹೋದರು, ಇನ್ನು ನಾನು ಬರೆಯುತ್ತೇನೆ. ಶಾಲೆಯಲ್ಲಿ ಒಂದೇ ಮೇಜಿಗೆ ಕೂತು ಒಂದೇ ರೂಲು ದೊಣ್ಣೆಯಿಂದ ಏಟು ತಿಂದವನಿಗೆ 'ನೀವು, ತಾವು' ಎಂದು ಬರೆಯುವಷ್ಟರಲ್ಲಿ ಕೈ ನೋಯುತ್ತದೆ. ಹದಿನೆಂಟು ವರ್ಷ ಹದಿನೆಂಟು ನೋಟೀಸು ಕಳಿಸಿದ್ದೇನೆ. ಎಲ್ಲವೂ ಒಡೆಯದೆ ವಾಪಸು ಬಂದವು. ಫೋನ್ ಮಾಡಿದರೆ ನಮ್ಮೂರ ನಂಬರು ನೋಡಿಯೇ ನೀನು ಎತ್ತುವುದಿಲ್ಲ. ಹತ್ತೊಂಬತ್ತನೆಯದಕ್ಕೆ ಉತ್ತರ ಬಂದಾಗ ಅಂಚೆಯವಳು ಗಾಡಿಯಿಂದ ಇಳಿದು, "ಬಯ್ದಿದಾನಾ? ಓದು, ಓದು" ಎಂದು ನಿಂತೇಬಿಟ್ಟಳು. ಬಯ್ದಿದ್ದಾನೆ ಅಂದೆ. ಇಬ್ಬರಿಗೂ ಖುಷಿಯಾಯಿತು.

ಮೊದಲು ನಿನ್ನ ಪ್ರಶ್ನೆಗೆ ಉತ್ತರ. ಜಲ್ಲಿ ಮೇಲ್ಗಡೆ ಕೂತಿದೆ, ತಿರುವಿನಲ್ಲಿ ಸಡಿಲ. ಅಲ್ಲಿ ಮುಂದಿನ ಬ್ರೇಕ್ ಹಿಡಿದವರೆಲ್ಲ ಮುಳ್ಳುಪೊದೆಗೆ ಹೋಗಿದ್ದಾರೆ. ಹಡಗುಕಟ್ಟೆಯಲ್ಲಿ ನಲವತ್ತು ವರ್ಷ ಕಬ್ಬಿಣ ಬೆಸೆದ ನಿನಗೆ ಟೈರಿನ ಅಗಲದ ಚಿಂತೆ ಯಾವಾಗ ಶುರುವಾಯಿತು?

ಈಗ ಊರಿನ ಸುದ್ದಿ ಕೇಳು. ಹೋದ ಬೇಸಿಗೆಯಿಂದ ಸೈಕಲ್ಲಿನವರು ಬರುತ್ತಿದ್ದಾರೆ. ದಪ್ಪ ಟೈರು, ಮೈಯೆಲ್ಲ ಧೂಳು, ಹ್ಯಾಂಡಲ್ಲಿಗೆ ಕಟ್ಟಿದ ಚೀಲ. ಡಾಂಬರು ಕಂಡರೆ ಹಾವು ಕಂಡವರಂತೆ ಆಡುತ್ತಾರೆ. ಬಸಿಲಿಸಾ ಅತ್ತೆ ಮೊದಲ ದಿನ ಅವರ ಬಿಗಿ ಚಡ್ಡಿ ನೋಡಿ, "ಅಯ್ಯೋ ಪಾಪ, ಪ್ಯಾಂಟು ಕಳ್ಕೊಂಡವ್ರೆ" ಎಂದು ತನ್ನ ಗಂಡನ ಹಳೆಯ ಪ್ಯಾಂಟು ತಂದುಕೊಟ್ಟಳು. ತೊಂಬತ್ತೊಂದು ಅವಳಿಗೆ. ಈಗ ಅವರು ಬರುವ ಹೊತ್ತಿಗೆ ಸರಿಯಾಗಿ ಕುರ್ಚಿ ಹೊರಗೆ ಹಾಕಿಕೊಳ್ಳುತ್ತಾಳೆ. ಕುರಿ ಕಾಯುವ ಪ್ರುದೆನ್ಸಿಯೊನ ನಾಯಿ ಸುಲ್ತಾನ್ ಕರುವಿನಷ್ಟು ಎತ್ತರ ಇದೆ. ಅದು ಬೊಗಳುತ್ತ ಬಂದರೆ ಸೈಕಲ್ಲಿನವರು ಹತ್ತಲಾರದ ಏರನ್ನೂ ಹತ್ತಿಬಿಡುತ್ತಾರೆ.

ಹತ್ತಿ ಎಲ್ಲಿಗೆ ಹೋಗುತ್ತಾರೆ? ನಿನ್ನ ಗೋಡೆಗೆ. ಹೋದ ಸೆಪ್ಟೆಂಬರಿನಲ್ಲಿ ಇಬ್ಬರು ಜರ್ಮನರು, ಗಂಡ ಹೆಂಡತಿ, ಸೈಕಲ್ ಎತ್ತಿ ಗೋಡೆ ದಾಟಿಸಲು ಹೋಗಿ ಆಚೆ ಕಡೆಯ ತುರಚೆ ಗಿಡದ ಮೇಲೆ ಬಿದ್ದರು. ಮೊದಲು ಸೈಕಲ್, ಆಮೇಲೆ ಗಂಡ. ನನ್ನ ಅಡುಗೆಮನೆಯಲ್ಲಿ ಕೂರಿಸಿ ವಿನಿಗರ್ ಹಚ್ಚಿದೆ. ಒಂದಿಡೀ ತೋರ್ತಿಯಾ, ಹತ್ತು ಮೊಟ್ಟೆಯ ಆಮ್ಲೆಟ್ಟು, ಇಬ್ಬರೇ ಮುಗಿಸಿದರು.

ಮಾರ್ಗದ ನಕ್ಷೆ ಮಾಡುತ್ತಿರುವ ಹುಡುಗಿ ಇದೊಯಾ, ನಿಮ್ಮ ಬಿಲ್ಬಾವೊ ಕಡೆಯವಳೇ, ಒಳ್ಳೆಯವಳು. ಆದರೆ ಖಡಾಖಂಡಿತ. "ದೋಮಿ, ಜೂನ್ ಮುಗಿಯೋದ್ರೊಳಗೆ ದಾರಿ ಬಿಡಿಸಿದ್ರೆ ನಿಮ್ಮೂರು. ಇಲ್ಲ ಅಂದ್ರೆ ಪಕ್ಕದ ಕಣಿವೇಲಿ ಹಾಕ್ತೀನಿ. ಲಾರಿ ಓಡೋ ರಸ್ತೇಲಿ ಹದಿನಾಲ್ಕು ಕಿಲೋಮೀಟರ್ ಸುತ್ತಿಸಿದ್ರೆ ಜನ ನನ್ನ ಹೊಡೀತಾರೆ" ಅಂದಳು. ಚಳಿಗಾಲದಲ್ಲಿ ನಾವು ಇಪ್ಪತ್ತಮೂರು ಮಂದಿ ಇಲ್ಲಿ. ಹೊಸ ಮುಖ ಕಂಡರೆ ಆ ದಿನ ನಮಗೆ ಹಬ್ಬ.

ಆದರೂ ನಿಜ ಹೇಳುತ್ತೇನೆ. ಸೈಕಲ್ ಒಂದು ನೆಪ. ಆ ಗೋಡೆ ನಿನ್ನ ಕೈಯಿಂದಲೇ ಬೀಳಬೇಕು ಎಂದು ನನಗೆ ಆಸೆ.

ಇನ್ನೂ ಗಟ್ಟಿಮುಟ್ಟಾಗಿರುವ,
ದೋಮಿ


ಬಿಲ್ಬಾವೊ
2 ಏಪ್ರಿಲ್ 2023

ದೋಮಿತಿಲಾ,

ನೀನು ನಗಿಸುತ್ತೀಯ, ಅದು ನಿನ್ನ ಹಳೆಯ ಚಾಳಿ. ಜರ್ಮನ್ ಗಂಡನ ವಿಷಯ ಓದಿ ನಾನು ನಕ್ಕಿದ್ದು ಹೌದು. ಆದರೆ ನಗಿಸಿ ದಾಟಿಹೋಗುವ ವಿಷಯ ಇದಲ್ಲ.

ನೀನು ಮರೆತಿರಬಹುದು, ನಾನು ಮರೆತಿಲ್ಲ. 2004ರ ಏಪ್ರಿಲ್. ನೀನು ಅಧ್ಯಕ್ಷೆಯಾದ ಮೊದಲ ವರ್ಷ. ನಮ್ಮಪ್ಪ ಐವತ್ತೆರಡು ವರ್ಷ ಒಂದೇ ಒಂದು ಅಸೆಂದೇರಾ ತಪ್ಪಿಸಿದವನಲ್ಲ. ಮದುವೆಯ ಮರುದಿನ ಸಲಿಕೆ ಹಿಡಿದು ಬಂದವನು. ಕಣಿವೆ ಹಾದಿಯ ಕಲ್ಲಿನ ಮೋರಿ ಅವನ ಕೈಯದು. ಆ ವರ್ಷ ಎದೆಯಲ್ಲಿ ಕಫ ಕಟ್ಟಿ, ಜ್ವರದಲ್ಲಿ ಹಾಸಿಗೆ ಹಿಡಿದು ಮಲಗಿದ್ದ. ನಾನು ಬಿಲ್ಬಾವೊದಿಂದ ಹಿಂದಿನ ಸಂಜೆಯಷ್ಟೇ ಬಂದಿದ್ದೆ. ಪಕ್ಕದೂರಿನಿಂದ ಔಷಧಿ ತಂದು ಚರ್ಚಿನ ಮುಂದೆ ಹಾದುಹೋಗುವಾಗ ನಿನ್ನ ದನಿ ಕೇಳಿಸಿತು. "ತಿಯೊದುಲೊ. ಗೈರು. ಸುದ್ದಿ ಇಲ್ಲ." ಊರಿಗೆ ಊರೇ ನಿಂತಿತ್ತು. ಯಾರೋ ನಕ್ಕರು.

ಮೂರನೆಯ ದಿನ ಅಪ್ಪ ಹೋದ. ಆ ಹೆಸರು ಹೊತ್ತುಕೊಂಡು ಹೋದ.

ನಮ್ಮಪ್ಪ ರಿಪೇರಿ ಮಾಡಿದ ಹಾದಿಯಲ್ಲಿ, ಅವನನ್ನು ಸೋಮಾರಿ ಎಂದು ಓದಿದ ಊರು ನಡೆಯಕೂಡದು ಎಂದು ಗೋಡೆ ಕಟ್ಟಿದೆ. ಏಳು ದಿನ ಹಿಡಿಯಿತು. ಅದು ಅಲ್ಲೇ ಇರಲಿ.

ಅಕಿಲಿನೊ


ವಾಲ್ದೆಕೋರ್ಸೊ
23 ಏಪ್ರಿಲ್ 2023

ಅಕಿಲಿನೊ,

ನಾನು ಮರೆತಿಲ್ಲ. ಒಂದು ವಾರವೂ ಮರೆತದ್ದಿಲ್ಲ.

ಆಗ ನನಗೆ ನಲವತ್ತಾರು. ಈ ಊರಿನಲ್ಲಿ ಹೆಂಗಸೊಬ್ಬಳು ಅಧ್ಯಕ್ಷೆಯಾದದ್ದು ಅದೇ ಮೊದಲು. ಪಟ್ಟಿ ಹಿಡಿದು ನಿಂತಾಗ, ಗಂಡಸರು ಬಿಟ್ಟ ಹಾಗೆ ಬಿಡಬಾರದು, ಒಂದು ಹೆಸರೂ ತಪ್ಪಬಾರದು ಎಂಬ ಜಂಬ. ತಿಯೊದುಲೊ ಮಾವ ಬರದಿದ್ದರೆ ಏನೋ ಆಗಿರಬೇಕು ಎಂದು ಕುರಿಗೂ ಹೊಳೆಯುತ್ತಿತ್ತು. ಚರ್ಚಿನ ಬಾಗಿಲಿನಿಂದ ನಿಮ್ಮ ಮನೆಗೆ ಮೂವತ್ತು ಹೆಜ್ಜೆ. ಹೋಗಿ ಬಾಗಿಲು ತಟ್ಟಿ ಕೇಳಲಿಲ್ಲ. ಓದಿಬಿಟ್ಟೆ. ಅದು ನನ್ನ ತಪ್ಪು. ಅಂತ್ಯಸಂಸ್ಕಾರದ ದಿನ ನಿನ್ನ ಹತ್ತಿರ ಬಂದೆ, ನೀನು ಮುಖ ತಿರುಗಿಸಿದೆ. ಆಮೇಲೆ ಬರೆದ ಕಾಗದಗಳನ್ನು ನೀನು ಒಡೆಯಲಿಲ್ಲ.

ನಿನ್ನೆ ಅಸೆಂದೇರಾ ಆಯಿತು. ಗಂಟೆ ಬಾರಿಸಿ, ಪಟ್ಟಿ ತೆಗೆಯುವ ಮೊದಲು ಎಲ್ಲರ ಮುಂದೆ ಹೇಳಿದೆ. "ಹತ್ತೊಂಬತ್ತು ವರ್ಷದ ಹಿಂದೆ ಇದೇ ಬಾಗಿಲಲ್ಲಿ ನಿಂತು ತಿಯೊದುಲೊ ಮಾವನ ಹೆಸರು ಗೈರು ಅಂತ ಓದಿದೆ. ಅವರು ಹುಷಾರಿಲ್ದೆ ಮಲಗಿದ್ರು. ನಾನು ವಿಚಾರಿಸ್ಲಿಲ್ಲ. ತಪ್ಪು ನಂದು. ಆ ಹೆಸರು ಇವತ್ತು ಪಟ್ಟಿಯಿಂದ ಹೊಡೆದು ಹಾಕ್ತಿದೀನಿ" ಎಂದು ಆ ವರ್ಷದ ಪಟ್ಟಿ ತೆಗೆದು ಪೆನ್ನಿನಲ್ಲಿ ಗೀಟು ಎಳೆದೆ. ಎಲ್ಲರೂ ಟೋಪಿ ತೆಗೆದರು. ಅಷ್ಟರಲ್ಲಿ ಬಸಿಲಿಸಾ ಅತ್ತೆ, ಕಿವಿ ಕೇಳಿಸದು ನೋಡು, ಗಟ್ಟಿಯಾಗಿ, "ಯಾರು, ತಿಯೊದುಲೊನಾ? ಅವ್ನು ಸತ್ತು ಎಷ್ಟು ವರ್ಷ ಆಯ್ತು! ಗೈರು ಆಗ್ದೆ ಇನ್ನೇನಾಗ್ತಾನೆ?" ಅಂದಳು.

ಕ್ಷಮಿಸು, ನಾನೂ ನಕ್ಕೆ. ನಗುತ್ತಲೇ ಕಣ್ಣೀರೂ ಹಾಕಿದೆ. ಮಾವ ಇದ್ದಿದ್ದರೆ ಎಲ್ಲರಿಗಿಂತ ಮೊದಲು ನಗುತ್ತಿದ್ದವನು ಅವನೇ, ನಿನಗೂ ಗೊತ್ತು.

ಗೋಡೆಯ ಬಗ್ಗೆ ಇನ್ನು ಕೇಳುವುದಿಲ್ಲ. ಇದನ್ನು ಅದಕ್ಕಾಗಿ ಮಾಡಲಿಲ್ಲ.

ದೋಮಿ


ಬಿಲ್ಬಾವೊ
9 ಮೇ 2023

ದೋಮಿ,

ನಿನ್ನ ಪತ್ರ ಎರಡು ವಾರ ಕೋಟಿನ ಜೇಬಿನಲ್ಲೇ ಇತ್ತು. ಅಪ್ಪನ ಹೆಸರನ್ನು ಹಾಗೆ ಎತ್ತಿದ್ದಕ್ಕೆ ಋಣಿ. ಅಷ್ಟು ಹೇಳಿ ಬೇರೆ ವಿಷಯಕ್ಕೆ ಹೋಗುತ್ತೇನೆ, ಯಾಕೆಂದರೆ ನಾನೀಗ ಒಂದು ದೊಡ್ಡ ಪೇಚಿನಲ್ಲಿ ಸಿಕ್ಕಿಬಿದ್ದಿದ್ದೇನೆ ಮತ್ತು ಇದನ್ನು ಹೇಳಿಕೊಳ್ಳಲು ನನಗೆ ನಿನ್ನನ್ನು ಬಿಟ್ಟು ಬೇರೆ ಯಾರೂ ಇಲ್ಲ.

ಮೂರು ವರ್ಷದ ಹಿಂದೆ ಮೊಣಕಾಲಿನ ಆಪರೇಷನ್ ಆದಾಗ ಡಾಕ್ಟರಮ್ಮ ಸೈಕಲ್ ತುಳಿ ಎಂದಳು. ಮುಚ್ಚಿಹೋದ ಗಣಿ ರೈಲಿನ ದಾರಿಯೊಂದು ನಮ್ಮ ಬೀದಿಯ ಕೊನೆಯಲ್ಲೇ ಶುರುವಾಗುತ್ತದೆ. ಹಳಿ ತೆಗೆದು ಜಲ್ಲಿ ಹಾಕಿದ್ದಾರೆ. ಒಂದು ದಿನ ಅದರಲ್ಲಿ ಹೋದೆ. ಕಾರಿಲ್ಲ, ಹಾರ್ನಿಲ್ಲ. ಟೈರಿನಡಿ ಜಲ್ಲಿ ಚರಚರ ಎನ್ನುವುದೊಂದೇ ಸದ್ದು. ನಲವತ್ತು ವರ್ಷ ಸುತ್ತಿಗೆಯ ನಡುವೆ ಬದುಕಿದವನು ನಾನು. ಮೂರನೆಯ ಸುರಂಗ ದಾಟಿ ಬಿಸಿಲಿಗೆ ಬಂದಾಗ ನನ್ನಷ್ಟಕ್ಕೆ ನಾನೇ ಹಾಡುತ್ತಿದ್ದೆ, ಯೋಚಿಸು!

ಈಗ ನಾವು ಆರು ಮಂದಿ. ಎಲ್ಲರೂ ನಿವೃತ್ತರು. ಗುರುವಾರ ಗುರುವಾರ ಹೊರಡುತ್ತೇವೆ. ಮುಖಂಡ ಕೊಲ್ದೊ. ಮೊದಲು ಮೀನಿನ ದೋಣಿಯಲ್ಲಿದ್ದವನು, ಅವನು ಪಿಸುಗುಟ್ಟಿದರೆ ಮುಂದಿನ ಊರಿಗೆ ಕೇಳಿಸುತ್ತದೆ. ಫೆಬ್ರುವರಿಯಲ್ಲಿ ಅವನು ಹೊಸ ನಕ್ಷೆಯೊಂದನ್ನು ಫೋನಿನಲ್ಲಿ ತೆರೆದು, "ಜೂನಲ್ಲಿ ಇದು ಮಾಡೋಣ. ನಾಲ್ಕು ದಿನ, ಒಂದು ಕಾರೂ ಕಾಣಲ್ಲ" ಎಂದು ಮುಂದೆ ಹಿಡಿದ. ನೋಡುತ್ತೇನೆ, ನಮ್ಮ ಕಣಿವೆ! ನಡುವೆ ಒಂದು ಕೆಂಪು ಚುಕ್ಕೆ. ಅದರ ಕೆಳಗೆ ನಿನ್ನ ಇದೊಯಾ ಬರೆದಿದ್ದಾಳೆ, "ಇಲ್ಲೊಂದು ಗೋಡೆ. ಸೈಕಲ್ ಎತ್ತಿ ದಾಟಿಸಬೇಕು. ಮಾಲೀಕ ಹಠಮಾರಿ."

ಅಂದಿನಿಂದ ಪ್ರತಿ ಗುರುವಾರ ನನಗೆ ಅಗ್ನಿಪರೀಕ್ಷೆ. ಏರು ಬಂದಾಗಲೆಲ್ಲ ಕೊಲ್ದೊಗೆ ಆ ಹಠಮಾರಿ ನೆನಪಾಗುತ್ತಾನೆ. "ಎಂಥ ಕತ್ತೆ ಇರ್ಬೇಕು ಅವ್ನು, ಅಲ್ವೇನೋ ಅಕಿಲಿನೊ?" ಎನ್ನುತ್ತಾನೆ. "ಹೌದು" ಎನ್ನುತ್ತೇನೆ. "ಇಂಥವ್ರನ್ನ ಅದೇ ಗೋಡೆಗೆ ಕಟ್ಟಿ ಹಾಕ್ಬೇಕು." "ಹಾಕ್ಬೇಕು." ಮೊನ್ನೆ ಎಲ್ಲರೂ ಸೇರಿ ಅವನ ಮೇಲೊಂದು ಪದ ಕಟ್ಟಿದರು. ನಾಲ್ಕನೆಯ ಸಾಲಿಗೆ ಪ್ರಾಸ ಸಿಗದೆ ಒದ್ದಾಡುತ್ತಿದ್ದರು. ಹುಡುಕಿಕೊಟ್ಟವನು ನಾನು.

ಹೊರಡುವುದು ಜೂನ್ ಎಂಟಕ್ಕೆ. ಹೋಗದಿದ್ದರೆ ಯಾಕೆ ಎನ್ನುತ್ತಾರೆ. ಹೋದರೆ ನನ್ನ ಗೋಡೆಯನ್ನು ನಾನೇ ಸೈಕಲ್ ಹೊತ್ತು ಹತ್ತಬೇಕು, ಆಚೆ ಕಡೆ ಬಸಿಲಿಸಾ ಅತ್ತೆ ಕುರ್ಚಿ ಹಾಕಿಕೊಂಡು ಕೂತಿರುತ್ತಾಳೆ. ಮೊಣಕಾಲು ನೋವು ಎಂದು ಮಲಗಿಬಿಡಲೇ?

ದಿಕ್ಕು ತೋಚದ,
ಅಕಿಲಿನೊ


ವಾಲ್ದೆಕೋರ್ಸೊ
15 ಮೇ 2023

ಅಕಿಲಿನೊ, ನನ್ನ ಅಪ್ಪಾ,

ಎರಡು ದಿನದಿಂದ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೇನೆ. ಕೋಳಿಗೆ ಕಾಳು ಹಾಕುವಾಗ ನಕ್ಕೆ. ಪೂಜೆಯ ನಡುವೆ ನಕ್ಕೆ, ಪಾದ್ರಿ ಪ್ರವಚನ ನಿಲ್ಲಿಸಿ ನೋಡಿದರು. ಆ ಪದದ ನಾಲ್ಕನೆಯ ಸಾಲು ಮಾತ್ರ ಮುಂದಿನ ಪತ್ರದಲ್ಲಿ ಬರೆದು ಕಳಿಸಬೇಕು.

ಯಾರಿಗೂ ಹೇಳಿಲ್ಲ. ಅಂಚೆಯವಳಿಗೂ ಹೇಳಿಲ್ಲ, ಅವಳು ಮುನಿಸಿಕೊಂಡಿದ್ದಾಳೆ.

ಆದರೆ ಮೊಣಕಾಲಿನ ಸುಳ್ಳು ಬೇಡ. ಹಠ ಮಾಡಿ ಹೋಗದೆ ಇರುವುದು ನಿನಗೆ ಸುಲಭ. ಹತ್ತೊಂಬತ್ತು ವರ್ಷದ ಅಭ್ಯಾಸವಿದೆ. ಗೋಡೆ ಇರಲಿ, ಬಿಡಲಿ, ನೀನು ಬಾ. ಕಣಿವೆಯ ಮೇಲಿಂದ ಇಳಿದು ಬಾ. ಸಡಿಲ ಜಲ್ಲಿಯ ತಿರುವಿನಲ್ಲಿ ಹಿಂದಿನ ಬ್ರೇಕ್ ಹಿಡಿ. ಆರು ಮಂದಿಗೆ ಮೂರು ತೋರ್ತಿಯಾ ಮಾಡುತ್ತೇನೆ. ಅಲ್ಲಿಗೆ ಬಂದು ನೀನು ಸೈಕಲ್ ಹೊತ್ತು ಹತ್ತುತ್ತೀಯೋ, ಬಾಯಿ ಮುಚ್ಚಿಕೊಂಡು ಇರುತ್ತೀಯೋ, ಅದು ನಿನಗೆ ಬಿಟ್ಟದ್ದು. ನಾನು ನಿನ್ನನ್ನು ಬಿಲ್ಬಾವೊದ ಅಪರಿಚಿತನಂತೆ ಮಾತಾಡಿಸುತ್ತೇನೆ. ಬಸಿಲಿಸಾ ಅತ್ತೆಯದು ಮಾತ್ರ ನನ್ನ ಕೈಯಲ್ಲಿಲ್ಲ. ಅವಳಿಗೆ ಕಿವಿ ಹೋಗಿದೆ, ಕಣ್ಣು ಹೋಗಿಲ್ಲ.

ಕಾಯುತ್ತಿರುವ,
ದೋಮಿ


ಬಿಲ್ಬಾವೊ
14 ಜೂನ್ 2023

ದೋಮಿ,

ಎದುರೆದುರು ಕೂತಾಗ ನಾವಿಬ್ಬರೂ ಮಾತಾಡಿದ್ದು ಕೋಳಿ, ಮಳೆ, ನನ್ನ ಮೊಣಕಾಲು. ಅಷ್ಟು ಜನರ ನಡುವೆ ಇನ್ನೇನು ಮಾತಾಡಲು ಸಾಧ್ಯ? ಹಾಗಾಗಿ ಬರೆಯುತ್ತಿದ್ದೇನೆ. ನೀನು ಬರುವುದಕ್ಕೆ ಮುಂಚಿನ ಅರ್ಧ ಗಂಟೆಯಲ್ಲಿ ಏನಾಯಿತೆಂದು ನಿನಗೆ ಸರಿಯಾಗಿ ಗೊತ್ತಿಲ್ಲ. ಕೊಲ್ದೊ ಹೇಳಿದ್ದರಲ್ಲಿ ಅರ್ಧ ಸುಳ್ಳು.

ಕಣಿವೆಯ ಮೇಲೆ ನಿಂತಾಗ ಹಳದಿ ಹೂವಿನ ಪೊದೆಗಳು ಗುಡ್ಡ ತುಂಬ ಅರಳಿದ್ದವು. ಇಳಿದೆವು. ತಿರುವಿನಲ್ಲಿ ಕೊಲ್ದೊ ಮುಂದಿನ ಬ್ರೇಕ್ ಹಿಡಿದ, ಪೊದೆಗೆ ಹೋದ. ನಾನು ಮೊದಲೇ ಹೇಳಿದ್ದೆ, ಕೇಳಲಿಲ್ಲ. ಗೋಡೆಯ ಈಚೆ ಕಡೆ, ಅಂದರೆ ಕಣಿವೆಯ ಕಡೆ, ಹಾದಿಯೇ ಇಲ್ಲ. ಎದೆಯೆತ್ತರ ಮುಳ್ಳು. ಸೈಕಲ್ಲನ್ನು ತಲೆಯ ಮೇಲೆ ಹೊತ್ತು ತಲುಪುವಷ್ಟರಲ್ಲಿ ಎಲ್ಲರ ಕಾಲಲ್ಲೂ ರಕ್ತ. ಕೊಲ್ದೊ ಆ ಹಠಮಾರಿಯ ಏಳು ತಲೆಮಾರನ್ನು ಜಾಲಾಡುತ್ತಿದ್ದ.

ನಾನು ಗೋಡೆಯ ಮೇಲಿಂದ ಇಣುಕಿದೆ. ಆಚೆ ಕಡೆ ನೋಡಿದೆ, ದೋಮಿ.

ಗೋಡೆಯ ಬುಡದಿಂದ ಊರಿನವರೆಗೆ ಹಾದಿ ಬಾಚಿದ ತಲೆಯಂತೆ ಇತ್ತು. ಜಲ್ಲಿ ಸಮವಾಗಿ ಕೂತಿದೆ. ಎರಡೂ ಬದಿಯ ಕಾಲುವೆ ಶುಭ್ರ. ಅಪ್ಪನ ಮೋರಿಯಲ್ಲಿ ನೀರು ಹರಿಯುತ್ತಿದೆ, ಕಲ್ಲಿನ ಸಂದಿಯಲ್ಲಿ ಒಂದು ಹುಲ್ಲುಕಡ್ಡಿ ಇಲ್ಲ. ಆ ಆರುನೂರು ಮೀಟರಿನಲ್ಲಿ ಬೇರೆ ಯಾರ ಹೊಲವೂ ಇಲ್ಲ. ಆ ಹಾದಿ ಎಲ್ಲಿಗೂ ಹೋಗುವುದಿಲ್ಲ, ನನ್ನ ಗೋಡೆಗೆ ಬಂದು ಮುಗಿಯುತ್ತದೆ. ಎಲ್ಲಿಗೂ ಹೋಗದ ಹಾದಿಯನ್ನು ಯಾರು ಹೀಗೆ ಇಟ್ಟುಕೊಳ್ಳುತ್ತಾರೆ?

ನಾನು ಮೇಲಿನ ಸಾಲಿನ ಕಲ್ಲು ಕೀಳಲು ಶುರುಮಾಡಿದೆ.

"ಏಯ್, ಏನ್ ಮಾಡ್ತಿದೀಯ? ಆ ಹಠಮಾರಿ ಕೋವಿ ತಗೊಂಡು ಬಂದಾನು!" ಅಂದ ಕೊಲ್ದೊ.

"ಬರಲ್ಲ."

"ನಿಂಗ್ಹೇಗೋ ಗೊತ್ತು?"

"ನಾನೇ ಕಣೋ ಆ ಹಠಮಾರಿ."

ಕೊಲ್ದೊ ಗೋಡೆ ನೋಡಿದ, ನನ್ನನ್ನು ನೋಡಿದ. ಕಲ್ಲೊಂದನ್ನು ಅಲುಗಾಡಿಸಿ ನೋಡಿದ, ಅಲುಗಲಿಲ್ಲ. ಆಮೇಲೆ, "ಮನುಷ್ಯ ನೀನು ಕತ್ತೇನೇ. ಆದ್ರೆ ಗೋಡೆ ಮಾತ್ರ ಚೆನ್ನಾಗಿ ಕಟ್ಟಿದೀಯ" ಎಂದು ಅಂಗಿ ತೋಳು ಮಡಿಸಿದ. ಆರೂ ಮಂದಿ ಕೈಹಾಕಿದೆವು. ಆ ಸದ್ದು ಕೇಳಿಯೇ ನೀವೆಲ್ಲ ಬಂದದ್ದು. ಬಸಿಲಿಸಾ ಅತ್ತೆ ಎಲ್ಲರಿಗಿಂತ ಮುಂದೆ, "ಅಕಿಲಿನೊ, ಎಷ್ಟು ದಪ್ಪ ಆಗಿದೀಯಾ! ನಿನ್ನ ಪ್ಯಾಂಟೂ ಕಳೆದೋಯ್ತಾ?" ಎಂದಾಗ ನನಗೆ ಬಂದದ್ದು ನಗುವೋ ಅಳುವೋ ತಿಳಿಯದು.

ಊಟದ ಹೊತ್ತಿಗೆ ನೀನು ಒಳಗೆ ಮೊಟ್ಟೆ ಒಡೆಯುತ್ತಿದ್ದೆ. ಆ ಹಾದಿ ನೋಡಿಕೊಳ್ಳುವುದು ಯಾರೆಂದು ಅತ್ತೆಯ ಕಿವಿಗೆ ಬಾಯಿಟ್ಟು ಕೇಳಿದೆ. "ಅವ್ಳೇ ಕಣಪ್ಪ. ಪ್ರತಿ ವರ್ಷ ಅಸೆಂದೇರಾ ಮುಗಿದು ಎಲ್ರೂ ಊಟಕ್ಕೆ ಹೋದ್ಮೇಲೆ ಅವ್ಳೊಬ್ಳೇ ಸಲಿಕೆ ತಗೊಂಡು ಅಲ್ಲಿಗೆ ಹೋಗ್ತಾಳೆ. ತಲೆ ಕೆಟ್ಟಿದೆ ಅಂತಿದ್ವಿ" ಅಂದಳು. ಊಟಕ್ಕೆ ಬಂದಿದ್ದ ಇದೊಯಾ ಇನ್ನೊಂದು ಹೇಳಿದಳು. ಆ ಹಾದಿಯ ನೆಲ ಊರಿನದೇ ಎಂಬ ಹಳೆಯ ಕಾಗದ ನಿನ್ನ ಬೀರುವಿನಲ್ಲಿದೆಯಂತೆ. ಒಂದು ಟ್ರ್ಯಾಕ್ಟರ್ ತಂದಿದ್ದರೆ ಅರ್ಧ ದಿನದ ಕೆಲಸ. ಯಾಕೆ ಮಾಡಲಿಲ್ಲ?

ಈಗ ಇದನ್ನು ಹೇಳದೆ ನಾನು ಉಳಿಯಲಾರೆ. ಅಪ್ಪನಿಗೆ ನಿನ್ನ ಪಟ್ಟಿಯ ವಿಷಯ ಗೊತ್ತಾಗುವ ಹಾಗೇ ಇರಲಿಲ್ಲ. ಅವನು ಜ್ವರದಲ್ಲಿ ನಿದ್ದೆ ಹೋಗಿದ್ದ. ಹೇಳಿದವನು ನಾನು. ಚರ್ಚಿನ ಬಾಗಿಲಿನಿಂದ ಕುದಿಯುತ್ತ ಬಂದು, ಅವನನ್ನು ಎಬ್ಬಿಸಿ, "ಊರೆದುರಿಗೆ ನಿನ್ನ ಹೆಸರು ಗೈರು ಅಂತ ಓದಿದ್ಳು" ಎಂದೆ. ಅವನು ಎದ್ದು ಕೂತ. "ನನ್ನ ಬೂಟು ಎಲ್ಲಿ?" ಅಂದ. ಅಮ್ಮನೂ ನಾನೂ ಸೇರಿ ಹಿಡಿದು ಮಲಗಿಸಬೇಕಾಯಿತು. ಮೂರು ದಿನವೂ ಆಗಾಗ ಬೂಟು ಕೇಳುತ್ತಿದ್ದ. ಸುದ್ದಿ ಕಳಿಸಬೇಕಾದವನೂ ನಾನೇ. ಅಮ್ಮ ಕಳಿಸಿರುತ್ತಾಳೆ ಎಂದುಕೊಂಡೆ, ಅವಳು ನಾನು ಕಳಿಸಿರುತ್ತೇನೆ ಎಂದುಕೊಂಡಳು.

ಹತ್ತೊಂಬತ್ತು ವರ್ಷ ನಿನ್ನನ್ನು ಬಯ್ದೆ. ನನ್ನನ್ನು ಬಯ್ದುಕೊಳ್ಳುವುದಕ್ಕಿಂತ ಅದು ಸುಲಭವಿತ್ತು. ಕ್ಷಮಿಸು ಎಂದು ಯಾವ ಬಾಯಲ್ಲಿ ಕೇಳಲಿ? ಆದರೂ ಕೇಳುತ್ತೇನೆ.

ಅಕಿಲಿನೊ


ವಾಲ್ದೆಕೋರ್ಸೊ
2 ಜುಲೈ 2023

ಅಕಿಲಿನೊ,

ನನಗೆ ಗೊತ್ತಿತ್ತು.

ನಿನ್ನಮ್ಮ ನಿನ್ನ ಜೊತೆ ಬಿಲ್ಬಾವೊಗೆ ಹೊರಟ ದಿನ, ನೀನು ಗಾಡಿಗೆ ಗಂಟು ತುಂಬುತ್ತಿದ್ದಾಗ, ಹಿತ್ತಿಲಿಗೆ ಬಂದು ನನ್ನ ಕೈ ಹಿಡಿದು ಎಲ್ಲ ಹೇಳಿದಳು. "ಅವ್ನ ಮೇಲೆ ಕೋಪ ಮಾಡ್ಕೋಬೇಡ ಕಣೆ. ಗೊತ್ತು ಅಂತ ಅವ್ನಿಗೆ ತೋರಿಸ್ಬೇಡ. ಅವ್ನಾಗೇ ಹೇಳ್ಲಿ" ಅಂದಳು. ಸರಿ ಅಂದೆ. ಇಷ್ಟು ತಡಮಾಡುತ್ತೀಯ ಎಂದು ಗೊತ್ತಿದ್ದರೆ ಒಪ್ಪುತ್ತಿರಲಿಲ್ಲ. ಕೆಲವು ಚಳಿಗಾಲ ನಿನ್ನ ಮೇಲೆ ಬಂದ ಸಿಟ್ಟಿಗೆ ಒಲೆಯೇ ಬೇಕಿರಲಿಲ್ಲ. ಆದರೆ ನಿನ್ನ ತಪ್ಪು ನನ್ನ ತಪ್ಪನ್ನು ಅಳಿಸುವುದಿಲ್ಲವಲ್ಲ. ನಾನು ಮೂವತ್ತು ಹೆಜ್ಜೆ ನಡೆದಿದ್ದರೆ ನೀನು ಹೇಳುವುದಕ್ಕೆ ಏನೂ ಇರುತ್ತಿರಲಿಲ್ಲ. ಅರ್ಧ ನಿನಗಿರಲಿ, ಅರ್ಧ ನನಗಿರಲಿ. ನನ್ನಿಂದ ನಿನಗೆ ಕ್ಷಮೆ ಯಾವತ್ತೋ ಆಗಿದೆ. ನೀನೇ ನಿನಗೆ ಮಾಡಿಕೊಳ್ಳುವುದು ಬಾಕಿ.

ಟ್ರ್ಯಾಕ್ಟರ್ ಯಾಕೆ ತರಲಿಲ್ಲ ಎಂದರೆ, ಟ್ರ್ಯಾಕ್ಟರ್ ಗೋಡೆ ಕೆಡವುತ್ತಿತ್ತು, ನೀನು ಬರುತ್ತಿರಲಿಲ್ಲ. ಹಾದಿ ಯಾಕೆ ಚೊಕ್ಕಟವಾಗಿಟ್ಟೆ ಎಂದರೆ, ನೀನು ಬಂದ ದಿನ ಹಾದಿ ಇರಬೇಕಿತ್ತು. ಇನ್ನೇನು ಹೇಳಲಿ?

ಈಗ ಊರಿಗೆ ಬಂದಿರುವ ಹೊಸ ತಾಪತ್ರಯ ಕೇಳು. ಕಣಿವೆಯ ಆ ಕಡೆಯ ಮುಳ್ಳನ್ನು ಸ್ಯಾನ್ ಹ್ವಾನ್ ಹಬ್ಬದ ವಾರ ಎಲ್ಲರೂ ಸೇರಿ ಕಡಿದೆವು. ಇದೊಯಾ ಕೆಂಪು ಚುಕ್ಕೆ ತೆಗೆದಳು. ಹತ್ತು ದಿನದಲ್ಲಿ ನಲವತ್ತು ಸೈಕಲ್ಲಿನವರು ಬಂದರು. ಬಂದರು ಅಂದರೆ ಏನು, ಕಣಿವೆಯಿಂದ ಗಾಳಿಯಂತೆ ಇಳಿದು, "ಓಲಾ!" ಎಂದು ಕೈಬೀಸಿ, ಊರು ದಾಟಿ ಮಾಯ! ಅಷ್ಟು ಚೆನ್ನಾಗಿದೆ ಹಾದಿ. ಮುಂಚೆ ನಿನ್ನ ಗೋಡೆಗೆ ಬಡಿದುಕೊಂಡು, ಸುಸ್ತಾಗಿ, ಮೈ ತುರಿಸಿಕೊಳ್ಳುತ್ತ, ಬಯ್ಯುತ್ತ ನನ್ನ ಅಡುಗೆಮನೆಗೆ ಬರುತ್ತಿದ್ದರು. ಈಗ ಒಬ್ಬರೂ ನಿಲ್ಲುತ್ತಿಲ್ಲ. ಬಸಿಲಿಸಾ ಅತ್ತೆ ಕುರ್ಚಿಯನ್ನು ಹಾದಿಯ ನಡುವೆಯೇ ಹಾಕಲು ಹೊರಟಿದ್ದಳು, ಎಳೆದು ತಂದೆವು.

ನಿನ್ನೆ ಸಮಿತಿ ಕೂತು ಒಮ್ಮತದಿಂದ ತೀರ್ಮಾನಿಸಿತು. ನೀವು ಕೆಡವಿ ಪಕ್ಕಕ್ಕೆ ರಾಶಿ ಹಾಕಿದ ಕಲ್ಲು ಹಾಗೇ ಬಿದ್ದಿದೆ. ಅದೇ ಜಾಗದಲ್ಲಿ, ಹಾದಿಗೆ ಅಡ್ಡವಾಗಿ ಅಲ್ಲ, ಬದಿಗೆ, ನೆರಳಿಗೆ ಮುಖಮಾಡಿ ಒಂದು ಉದ್ದನೆಯ ಕೂರುವ ಕಟ್ಟೆ ಕಟ್ಟಬೇಕು, ನೀರಿನ ಕೊಳಾಯಿ ಇಡಬೇಕು. ಅದನ್ನು ನೋಡಿದ ಸವಾರನಿಗೆ ಇಳಿಯದೆ ಮುಂದೆ ಹೋಗಲು ಮನಸ್ಸೇ ಬರಬಾರದು. ಯಾರು ಕಟ್ಟುವುದು ಎಂಬ ಪ್ರಶ್ನೆ ಬಂತು. ಪ್ರುದೆನ್ಸಿಯೊ ತಾನು ಕಟ್ಟುತ್ತೇನೆ ಎಂದ, ಅವನ ಕುರಿದೊಡ್ಡಿ ಪ್ರತಿ ವರ್ಷ ಬೀಳುವುದು ಎಲ್ಲರಿಗೂ ನೆನಪಾಯಿತು. ಆಗ ಬಸಿಲಿಸಾ ಅತ್ತೆ, ಯಾರೂ ಕೇಳದಿದ್ದರೂ, ಕೋಲು ಕುಟ್ಟಿ ಹೇಳಿದಳು.

"ಈ ಊರಲ್ಲಿ ಜನರನ್ನ ನಿಲ್ಲಿಸೋ ಹಾಗೆ ಕಲ್ಲು ಕಟ್ಟೋಕೆ ಬರೋನು ಒಬ್ನೇ ಇದಾನೆ. ಕರೀರಿ ಅವ್ನನ್ನ."

ದೋಮಿ